ಕಾರಿಗೂ ದೋಣಿಗೂ ಒಂದೇ ಯಂತ್ರ ಸಾಕೆ?

ಗಂಗಾವಳಿ ನದಿಯು ಕಡಲನ್ನು ಕೂಡುವ ಅಳಿವೆಯ ಬಡಗಣ ದಂಡೆಯ ಮೇಲೆ, ಅಂಕೋಲೆ ತಾಲೂಕಿನ ಮಂಜಗುಣಿಯಲ್ಲಿ, ನನ್ನ ಅಕ್ಕನ ಮಗನೊಬ್ಬನಿದ್ದಾನೆ. ಕಡಲು ಶಾಂತವಾಗಿದ್ದಾಗ ಔಟ್‌ಬೋರ್ಡ್ ಎಂಜಿನಿನ ನಾಡದೋಣಿಯನ್ನೂ, ಇಲ್ಲದಾಗ ಗೋಕರ್ಣದ ಯಾತ್ರಿಕರನ್ನು ಕರೆದೊಯ್ಯಲೆಂದು ಇಟ್ಟುಕೊಂಡ ಹಳೆಯ ಕಾರನ್ನೂ ನಡೆಸಿ ಸಂಸಾರವನ್ನು ದಡ ಮುಟ್ಟಿಸುತ್ತಿರುವ ಈತ, ಕಳೆದ ಮಳೆಗಾಲದಲ್ಲೊಂದು ಸಂಜೆ ಜಗಲಿಯ ಮೇಲೆ ಬಲೆಯ ಹರಕನ್ನು ಹೆಣೆಯುತ್ತ ಕುಳಿತವನು, ತಲೆಯೆತ್ತದೆಯೇ ಕೇಳಿದ: “ಮಾವಾ, ಕಾರಿಗೂ ದೋಣಿಗೂ ಒಂದೇ ಜಿಪಿಎಸ್ ಸಾಲೂದಿಲ್ವಾ? ಎರಡೆರಡು ತಗೊಳ್ಳೂಕೆ ದುಡ್ಡು ಎಲ್ಲದೆ?”

ಪ್ರಶ್ನೆ ದುಡ್ಡಿನದಾಗಿ ತೋರಿದರೂ ಅದರ ಉತ್ತರ ವಿಜ್ಞಾನದಲ್ಲಿತ್ತು. ಏಕೆಂದರೆ ಈ ಎರಡು ಬಗೆಯ ಯಂತ್ರಗಳ ಒಳಗಿನ ಜೀವ ಒಂದೇ; ವ್ಯತ್ಯಾಸವಿರುವುದು ಮೈಯಲ್ಲಿ, ಮತ್ತು ಅದಕ್ಕಿಂತ ಹೆಚ್ಚಾಗಿ, ಅದರ ತಲೆಯೊಳಗೆ ತುಂಬಿರುವ ನಕ್ಷೆಯಲ್ಲಿ.

ನಮ್ಮ ಕರಾವಳಿಯ ಹಿರಿಯರು ಯಂತ್ರವಿಲ್ಲದ ಕಾಲದಲ್ಲಿ ಕಡಲ ಮೇಲೆ ತಮ್ಮ ನೆಲೆಯನ್ನು ಅರಿಯುತ್ತಿದ್ದ ಕ್ರಮವೇನೆಂದರೆ, ದಡದಲ್ಲಿ ಕಾಣುವ ಒಂದು ಗುಡ್ಡದ ತಲೆಯೂ ಅದರ ಮುಂದಣ ಒಂದು ತೆಂಗಿನ ತೋಪೂ ಒಂದರ ಹಿಂದೊಂದು ಅಡಗುವಂತೆ ದೋಣಿಯನ್ನು ನಿಲ್ಲಿಸಿ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡು, ಬೇರೆ ದಿಕ್ಕಿನಲ್ಲಿ ಅಂಥದೇ ಇನ್ನೊಂದು ಜೋಡಿಯನ್ನು ಹುಡುಕಿ, ಎರಡು ಗೆರೆಗಳು ಕೂಡುವ ಸ್ಥಳವೇ ನೀರಿನಡಿಯ ಬಂಡೆ ಎಂದು ನಿಶ್ಚಯಿಸುವುದು. ಜಿಪಿಎಸ್ ಮಾಡುವುದೂ ಇದೇ ಜಾತಿಯ ಕೆಲಸವನ್ನು. ಆದರೆ ಅದರ ಗುಡ್ಡಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಆರು ಕಕ್ಷಾತಲಗಳಲ್ಲಿ, ಹನ್ನೆರಡು ತಾಸಿಗೆ ತುಸು ಕಡಿಮೆ ಅವಧಿಯಲ್ಲಿ ಭೂಮಿಯನ್ನು ಒಮ್ಮೆ ಸುತ್ತುತ್ತಿರುವ ಉಪಗ್ರಹಗಳು. ಅದು ಅಳೆಯುವುದು ದಿಕ್ಕನ್ನಲ್ಲ, ಕಾಲವನ್ನು. ಪ್ರತಿಯೊಂದು ಉಪಗ್ರಹವೂ ‘ನಾನು ಇಂಥಲ್ಲಿದ್ದೇನೆ, ಈಗ ಇಷ್ಟು ಹೊತ್ತು’ ಎಂದು ಸಾರುತ್ತಲೇ ಇರುತ್ತದೆ. ಆ ಸಾರಿಕೆ ಬೆಳಕಿನ ವೇಗದಲ್ಲಿ ಹೊರಟರೂ ನೆತ್ತಿಯ ಮೇಲಿರುವ ಉಪಗ್ರಹದಿಂದ ನಮ್ಮನ್ನು ತಲಪಲು ಸೆಕೆಂಡಿನ ಸಾವಿರದ 67 ಪಾಲು ಹಿಡಿಯುತ್ತದೆ. ಮಿಂಚಿಗೂ ಗುಡುಗಿಗೂ ನಡುವಣ ಅಂತರವನ್ನೆಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಹೇಳುವ ಹಾಗೆ, ಈ ವಿಳಂಬವನ್ನೆಣಿಸಿ ಯಂತ್ರವು ದೂರವನ್ನು ತಿಳಿಯುತ್ತದೆ. ಮೂರು ದೂರಗಳು ತಿಳಿದರೆ ನೆಲೆ ಸಿಕ್ಕಂತಾಯಿತಲ್ಲ, ಮತ್ತೆ ನಾಲ್ಕನೆಯ ಉಪಗ್ರಹವೇತಕ್ಕೆ ಎಂದರೆ, ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ನಮ್ಮ ಕೈಯಲ್ಲಿರುವುದು ಗೋಡೆಗಡಿಯಾರದ ಜಾತಿಯ ಅಗ್ಗದ ಸ್ಫಟಿಕ. ಇದರ ತಪ್ಪನ್ನು ಕಂಡುಹಿಡಿಯಲು ನಾಲ್ಕನೆಯದು ಬೇಕು. ಐನ್‌ಸ್ಟೈನರ ಸಾಪೇಕ್ಷವಾದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಎತ್ತರದ ಆ ಗಡಿಯಾರಗಳು ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡಿನಷ್ಟು ಮುಂದೆ ಓಡುವುದರಿಂದ, ಅದನ್ನು ತಿದ್ದದೆ ಬಿಟ್ಟರೆ ತಪ್ಪು ದಿನವೊಂದಕ್ಕೆ ಹತ್ತು ಕಿಲೋಮೀಟರಿಗೂ ಮಿಕ್ಕಿ ಬೆಳೆದೀತು.

ಅಂಗಡಿಯವನು ‘ಇದು ಹೆಚ್ಚು ನಿಖರ’ ಎಂದು ದುಬಾರಿಯ ಯಂತ್ರವನ್ನು ಮುಂದೆ ಸರಿಸಿದಾಗ ನೆನೆಯಬೇಕಾದದ್ದು ಈ ವ್ಯವಸ್ಥೆಯ ಚರಿತ್ರೆಯನ್ನು. ಮೊದಲ ಉಪಗ್ರಹ 1978ರಲ್ಲಿ ಮೇಲೇರಿದಾಗ ಇದು ಅಮೆರಿಕದ ಸೈನ್ಯದ ಸೊತ್ತಾಗಿತ್ತು; 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವೊಂದನ್ನು ಸೋವಿಯತ್ ಪಡೆ ಹೊಡೆದುರುಳಿಸಿ 269 ಜನ ಮಡಿದ ತರುವಾಯ, ನಾಗರಿಕರಿಗೂ ಇದನ್ನು ಕೊಡುವುದಾಗಿ ಅಧ್ಯಕ್ಷ ರೇಗನ್ ಸಾರಿದರು. ಆದರೂ ಜನಸಾಮಾನ್ಯರ ಸಂಕೇತವನ್ನು ಬೇಕೆಂದೇ ಕೆಡಿಸಿಟ್ಟಿದ್ದ ಪದ್ಧತಿ 2000ದ ಮೇ ತಿಂಗಳವರೆಗೆ ನಡೆದಿತ್ತು. ಅದು ನಿಂತ ಮೇಲೆ, ತೆರೆದ ಆಕಾಶದಡಿಯಲ್ಲಿ ಸಾಧಾರಣ ಮೊಬೈಲು ಕೂಡ ಸುಮಾರು 5 ಮೀಟರಿನೊಳಗೆ ನೆಲೆಯನ್ನು ಹೇಳುತ್ತದೆ. ಕಡಲಿಗಿಂತ ತೆರೆದ ಆಕಾಶ ಇನ್ನೆಲ್ಲಿದೆ? ಅಮೆರಿಕದ ಉಪಗ್ರಹಗಳ ಜೊತೆಗೆ ರಷ್ಯದ ಗ್ಲೋನಾಸ್, ಯೂರೋಪಿನ ಗೆಲಿಲಿಯೊ ಮತ್ತು ನಮ್ಮದೇ ನಾವಿಕ್ (ಇದರ ನಿರ್ವಹಣಾ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ) ಇವುಗಳ ಮಾತನ್ನೂ ಆಲಿಸಬಲ್ಲ ಯಂತ್ರವು ಅರಬೈಲು ಘಟ್ಟದ ಮರಗಳ ಕೆಳಗೆ ಹೆಚ್ಚು ಸ್ಥಿರವಾಗಿ ನಡೆದೀತೆಂಬುದು ನಿಜ. ಮೀನು ಹಿಡಿಯುವವನಿಗೆ ಮಾತ್ರ 5 ಮೀಟರು 3 ಮೀಟರಾದುದರಿಂದ ಬಲೆಗೆ ಒಂದು ಬಂಗಡೆಯೂ ಹೆಚ್ಚಾಗಿ ಬೀಳದು.

ಇನ್ನು ನಕ್ಷೆಯ ವಿಷಯ. ಕಾರಿನ ಯಂತ್ರವು ರಸ್ತೆಯನ್ನು ಬಿಟ್ಟು ಬೇರೊಂದು ಲೋಕವಿದೆಯೆಂದು ನಂಬುವುದಿಲ್ಲ. ಉಪಗ್ರಹದ ಲೆಕ್ಕ ನಾಲ್ಕು ಮೀಟರ್ ತಪ್ಪಿ ನಿಮ್ಮನ್ನು ಗದ್ದೆಯಲ್ಲಿ ತೋರಿಸಿದರೆ, ಅದು ತಾನಾಗಿ ಬಾಣದ ಗುರುತನ್ನು ಎಳೆದು ಹತ್ತಿರದ ರಸ್ತೆಯ ಮೇಲೆ ಕೂರಿಸುತ್ತದೆ. ಹೆದ್ದಾರಿಯಲ್ಲಿ ಅದು ಗುಣ, ಅಳಿವೆಯಲ್ಲಿ ಅದೇ ದೋಷ. ದೋಣಿ ದಡದಿಂದ ತುಸು ದೂರ ಸರಿದಾಗಲೂ ಅದು ನಿಮ್ಮನ್ನು ಊರ ಕೇರಿಯಲ್ಲೇ ನಡೆಸುತ್ತಿರಬಹುದು, ಇನ್ನೂ ಮುಂದೆ ಹೋದರೆ ‘ಹಿಂತಿರುಗಿ’ ಎಂದು ಹಟ ಹಿಡಿಯಲೂಬಹುದು. ಮಂಜಗುಣಿಯ ಜನ ಗಂಗಾವಳಿಯನ್ನು ತಾರಿಯಲ್ಲಿ ದಾಟಿ ಗೋಕರ್ಣಕ್ಕೆ ಹೋಗುತ್ತಿದ್ದ ಕಾಲದಲ್ಲಿ, ನೇರ ಗೆರೆಯಲ್ಲಿ ಕೆಲವೇ ಕಿಲೋಮೀಟರಾದ ಹಾದಿ ಹೆದ್ದಾರಿಯ ಸುತ್ತಿನಲ್ಲಿ ಅದರ ಹಲವು ಪಟ್ಟಾಗುತ್ತಿತ್ತು. ಕಾರಿನ ಯಂತ್ರಕ್ಕೆ ಬೇಕಾದ ಬುದ್ಧಿ ಆ ಸುತ್ತುದಾರಿಯನ್ನು ಹುಡುಕುವುದು. ದೋಣಿಯ ಯಂತ್ರಕ್ಕೆ ಬೇಕಾದದ್ದು ನೇರ ಗೆರೆಯನ್ನು ಹಿಡಿದು, ಗಾಳಿಗೂ ಸೆಳೆತಕ್ಕೂ ಸಿಕ್ಕಿ ಆ ಗೆರೆಯಿಂದ ನಾವು ಎಡಕ್ಕೋ ಬಲಕ್ಕೋ ಎಷ್ಟು ಸರಿದೆವೆಂದು ಹೇಳುವುದು. ಮೊದಲನೆಯದಕ್ಕೆ ದೊಡ್ಡ ನಕ್ಷೆಯ ಭಂಡಾರ ಬೇಕು, ಎರಡನೆಯದಕ್ಕೆ ಸಣ್ಣದೊಂದು ಗಣಿತ ಸಾಕು. ಕಡಲಿನ ಸಾದಾ ಕೈಯಂತ್ರ ಅಗ್ಗವಾಗಿರಬಲ್ಲುದಕ್ಕೆ ಇದೂ ಒಂದು ಕಾರಣ.

ಮೈಯ ಮಾತು. ಐಪಿಎಕ್ಸ್7 ಎಂಬ ಗುರುತಿದ್ದರೆ ಯಂತ್ರವು ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ತಾಸು ಇದ್ದು ಬದುಕುತ್ತದೆಂದು ಅರ್ಥ. ಆದರೆ ಮುಳುಗಿದ್ದು ಮೇಲೆ ಬರುತ್ತದೆಂದು ಅರ್ಥವಲ್ಲ. ಗಾರ್ಮಿನ್ ಕಂಪನಿಯ ಈಟ್ರೆಕ್ಸ್ 10 ಎಂಬ ಪುಟ್ಟ ಕೈಯಂತ್ರ ಎರಡು ಎಎ ಶೆಲ್ಲಿನಲ್ಲಿ 25 ತಾಸು ನಡೆಯುತ್ತದೆ, ನೀರಿಗೆ ಹೆದರುವುದಿಲ್ಲ, ಆದರೆ ಬಿದ್ದರೆ ತಳ ಸೇರುತ್ತದೆ. ಅದೇ ಕಂಪನಿಯ ಜಿಪಿಎಸ್‌ಮ್ಯಾಪ್ 79 ಮಾಲಿಕೆಯದು ತೇಲುತ್ತದೆ, ಬೆಲೆಯೂ ಮೇಲೆಯೇ. ಮೀನಿನ ಹುರುಪೆ ಅಂಟಿದ ಒದ್ದೆ ಬೆರಳಿಗೆ ಮುಟ್ಟುಪರದೆ ಒಲಿಯುವುದಿಲ್ಲ, ಒತ್ತುವ ಗುಂಡಿಗಳೇ ಬೇಕು ಎಂಬುದನ್ನು ನನಗೆ ಕಲಿಸಿದವನು ಅಳಿಯನೇ: ನನ್ನ ಮೊಬೈಲನ್ನು ಬಲೆಯ ಕೈಯಲ್ಲೇ ತೆಗೆದುಕೊಂಡು ಮೂರು ಸಲ ಒತ್ತಿ, ನಾಲ್ಕನೆಯ ಸಲ ಯಾರಿಗೋ ಫೋನು ಹಚ್ಚಿಕೊಟ್ಟ.

ಕೊಂಡ ಮೇಲಿನ ಗಂಡಾಂತರವೊಂದು ಅಂಕೆಗಳಲ್ಲಿ ಅಡಗಿದೆ. ನಮ್ಮ ಪಂಚಾಂಗದವರು ಅಂಶ, ಕಲೆ, ವಿಕಲೆ ಎನ್ನುವುದನ್ನು ಈಗ ಡಿಗ್ರಿ, ಮಿನಿಟು, ಸೆಕೆಂಡು ಎನ್ನುತ್ತೇವೆ. ಕಡಲಿನವರು ಮಿನಿಟನ್ನು ದಶಮಾಂಶವಾಗಿ ಬರೆಯುತ್ತಾರೆ, ಅಕ್ಷಾಂಶದ ಒಂದು ಮಿನಿಟು ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿಯಷ್ಟು, ಅಂದರೆ 1,852 ಮೀಟರಿನಷ್ಟು, ಆಗುವ ಅನುಕೂಲಕ್ಕಾಗಿ. ಮೊಬೈಲುಗಳಾದರೋ ಡಿಗ್ರಿಯನ್ನೇ ದಶಮಾಂಶ ಮಾಡುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲ ಮೇಲ್ಮೈಯ ಶಾಖವನ್ನೂ ಹಸಿರಾಂಶವನ್ನೂ ಉಪಗ್ರಹದಿಂದ ನೋಡಿ ಮೀನು ಸಿಗಬಹುದಾದ ವಲಯಗಳ ಅಕ್ಷಾಂಶ ರೇಖಾಂಶಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ಅಂಥದೊಂದು ನೆಲೆ 14 ಡಿಗ್ರಿ 36.50 ಮಿನಿಟು ಎಂದಿರಲಿ. ಇದನ್ನು 36 ಮಿನಿಟು 50 ಸೆಕೆಂಡು ಎಂದು ಓದಿದರೆ, ನಿಜವಾಗಿ ಅದು 36 ಮಿನಿಟು 30 ಸೆಕೆಂಡಾದುದರಿಂದ, ದೋಣಿ 600 ಮೀಟರಿಗೂ ಹೆಚ್ಚು ಬಡಗಣಕ್ಕೆ ಹೋಗಿ ನಿಲ್ಲುತ್ತದೆ. ಅದನ್ನೇ 14.3650 ಡಿಗ್ರಿ ಎಂದು ಒತ್ತಿದವನು ಸುಮಾರು 27 ಕಿಲೋಮೀಟರ್ ತೆಂಕಣಕ್ಕೆ, ಕುಮಟೆಯನ್ನೂ ದಾಟಿ ನಡೆಯುತ್ತಾನೆ. ಆದಕಾರಣ ಯಂತ್ರವನ್ನು ಕೊಂಡ ದಿನವೇ ಅದರ ಬರಹದ ಪದ್ಧತಿ ಯಾವುದೆಂದು ನೋಡಿ, ಜೊತೆಗೆ ಹೋಗುವ ದೋಣಿಗಳದು ಯಾವುದೋ ಅದನ್ನೇ ಇಡತಕ್ಕದ್ದು.

ಅಗ್ಗವೆಂದು ಹಳೆಯ ಯಂತ್ರವನ್ನು ಕೊಳ್ಳುವವರಿಗೆ ನನ್ನ ಅನುಭವವನ್ನೇ ಹೇಳುತ್ತೇನೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಚೌಕಾಸಿ ಮಾಡಿ ತಂದ ಯಂತ್ರವು ದಾರಿಯನ್ನೇನೋ ಸರಿಯಾಗಿ ಹೇಳಿತು, ಆದರೆ ತಾರೀಖನ್ನು ಹತ್ತೊಂಬತ್ತು ವರ್ಷ ಏಳು ತಿಂಗಳು ಹಿಂದಿನದಾಗಿ ತೋರಿಸಿತು. ಜಿಪಿಎಸ್ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. ಹಾಗೆ ಸೊನ್ನೆಯಾದದ್ದು 1999ರ ಆಗಸ್ಟಿನಲ್ಲೊಮ್ಮೆ, 2019ರ ಏಪ್ರಿಲಿನಲ್ಲಿ ಮತ್ತೊಮ್ಮೆ. ಇದನ್ನರಿಯದ ಹಳೆಯ ಯಂತ್ರ ಕಾರಿನಲ್ಲಿ ನಗೆಯ ವಸ್ತು. ದೋಣಿಯಲ್ಲಿ, ಅದು ತೋರುವ ಭರತ ಇಳಿತದ ಹೊತ್ತನ್ನು ನಂಬಿದವನಿಗೆ ನಗುವ ಪ್ರಸಂಗವಲ್ಲ. ಕಾರವಾರದ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಏರಿಳಿತವು ಒಂದೂವರೆ ಮೀಟರಿನ ಆಸುಪಾಸು. ಅಳಿವೆಯ ಮರಳದಿಬ್ಬದ ಮೇಲೆ ದೋಣಿ ತೇಲುವುದೂ ತಗಲುವುದೂ ಅಷ್ಟರಲ್ಲೇ ಇತ್ಯರ್ಥವಾಗುತ್ತದೆ.

ಆ ಮರಳನ್ನು ಯಾವ ಯಂತ್ರವೂ ಅರಿಯದು. ಅಗ್ಗದ ಕೈಯಂತ್ರಗಳಲ್ಲಿ ನಮ್ಮ ಕರಾವಳಿಯ ಆಳದ ನಕ್ಷೆ ಇರುವುದಿಲ್ಲವೆಂದೇ ತಿಳಿಯಬೇಕು; ಇದ್ದರೂ, ಘಟ್ಟದಿಂದಿಳಿದು ಬರುವ ಗಂಗಾವಳಿಯ ನೆರೆಯೂ ಮುಂಗಾರಿನ ತೆರೆಯೂ ಕೂಡಿ ವರ್ಷಕ್ಕೊಮ್ಮೆ ಅಳಿವೆಯ ಬಾಯನ್ನು ಹೊಸದಾಗಿ ತಿದ್ದುವಾಗ, ಅಚ್ಚಾದ ನಕ್ಷೆಯ ಮಾತಿಗೆ ಬೆಲೆಯೆಷ್ಟು? ಅಳಿವೆಯನ್ನು ಬಲ್ಲ ಹಿರಿಯರೊಬ್ಬರನ್ನು ದೋಣಿಯ ಮೂತಿಯಲ್ಲಿ ಕೂರಿಸಿಕೊಂಡು, ಹಗಲಿನಲ್ಲಿ, ಕೋಲಿನಿಂದ ಆಳವನ್ನು ನೋಡುತ್ತ ಹೊರಹೋದ ಜಾಡನ್ನು ಯಂತ್ರದಲ್ಲಿ ಉಳಿಸಿಕೊಂಡರೆ, ಆ ವರ್ಷದ ಮಟ್ಟಿಗೆ ಅದೇ ಉತ್ತಮವಾದ ನಕ್ಷೆ.

ಇನ್ನೊಂದು ಭ್ರಮೆಯನ್ನು ಕಳೆಯದೆ ಮುಂದೆ ಹೋಗಲಾರೆ. ಜಿಪಿಎಸ್ ಇದ್ದರೆ ನಾವೆಲ್ಲಿದ್ದೇವೆಂದು ದಡದವರಿಗೆ ತಿಳಿಯುತ್ತದೆಂದು ಅನೇಕರು ನಂಬಿದ್ದಾರೆ. ಅದು ಕಿವಿಯೇ ಹೊರತು ಬಾಯಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. ಅದರ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲಿನಲ್ಲಿ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ದಡಕ್ಕೆ ಕೂಗಿ ಹೇಳಬಲ್ಲದ್ದು ಟ್ರಾನ್ಸ್‌ಪಾಂಡರ್ ಎಂಬ ಬೇರೆಯೇ ಉಪಕರಣ. ಮೊಬೈಲಿನ ಗೋಪುರ ಕಾಣದಷ್ಟು ದೂರದಿಂದಲೂ ಇಸ್ರೋ ಉಪಗ್ರಹದ ಮೂಲಕ ಸಂದೇಶವನ್ನು ಕಳಿಸುವ ಇದನ್ನು ಒಂದು ಲಕ್ಷ ದೋಣಿಗಳಿಗೆ ಉಚಿತವಾಗಿ ಅಳವಡಿಸುವ ಕೇಂದ್ರ ಸರ್ಕಾರದ ಯೋಜನೆ 2024ರ ಆಗಸ್ಟಿನಲ್ಲಿ ಆರಂಭವಾಯಿತು. ಕೈಯಂತ್ರಕ್ಕೆ ದುಡ್ಡು ಕೂಡಿಸುವುದಕ್ಕೆ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಇದನ್ನು ಕೇಳಿಕೊಂಡು ಬಾ ಎಂದು ಅಳಿಯನಿಗೆ ಹೇಳಿದೆ.

ಅವನ ಪ್ರಶ್ನೆಗೆ ನನ್ನ ತೀರ್ಪು ಇಷ್ಟೆ. ಕಾರಿನ ಯಂತ್ರವನ್ನು ದೋಣಿಗೆ ಒಯ್ಯಬೇಡ. ದೋಣಿಯ ಯಂತ್ರವನ್ನು ಕಾರಿಗೆ ತಂದರೆ ಹಾನಿಯಿಲ್ಲ, ಆದರೆ ತರುವ ಅಗತ್ಯವೂ ಇಲ್ಲ, ಏಕೆಂದರೆ ಕಾರಿನ ಜಿಪಿಎಸ್ ನಿನ್ನ ಕಿಸೆಯಲ್ಲಿ ಮೊಬೈಲಿನ ರೂಪದಲ್ಲಿ ಈಗಾಗಲೇ ಇದೆ. ನೆಟ್‌ವರ್ಕ್ ಸಿಗದ ಘಟ್ಟಕ್ಕೆಂದು ಜಿಲ್ಲೆಯ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡರಾಯಿತು. ಉಳಿದ ದುಡ್ಡೆಲ್ಲ ನೀರಿಗೆ ಜಗ್ಗದ, ಗುಂಡಿಗಳಿರುವ, ಬಿಸಿಲಲ್ಲಿ ಓದಬಹುದಾದ ಒಂದು ಕೈಯಂತ್ರಕ್ಕೆ ಹೋಗಲಿ.

ಮಳೆಗಾಲ ಕಳೆದ ಮೇಲೆ ಅವನು ಕೊಂಡದ್ದು ತೇಲದ, ಅಗ್ಗದ ಮಾದರಿಯನ್ನೇ. ಅದರ ಕೊರಳಿಗೆ ಬಲೆಯ ಹಗ್ಗದಲ್ಲಿ ಎರಡು ಬಲೆಬೆಂಡುಗಳನ್ನು ಬಿಗಿದು, ಬಾವಿಯಲ್ಲಿ ಬಿಟ್ಟು ನೋಡಿದ. ತೇಲಿತು.