ಡೊಂಬಿವಲಿ, ಪಾವಣೆಗಳಿಂದ ಹೊರಟ ಬಹುರಾಷ್ಟ್ರೀಯ ಉದ್ಯಮ

ಬಹುರಾಷ್ಟ್ರೀಯ ಕಂಪನಿ ಎಂದೊಡನೆ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೇಂದ್ರ ಕಚೇರಿ ಇಟ್ಟುಕೊಂಡು ಬಡ ದೇಶಗಳಲ್ಲಿ ಕಾರ್ಖಾನೆ ನಡೆಸುವ ಸಂಸ್ಥೆಯ ಚಿತ್ರವೇ ಬಹುಕಾಲ ರೂಢಿಯಲ್ಲಿತ್ತು. ಹಿಂದುಳಿದ ದೇಶಗಳ ಕಂಪನಿಗಳೂ ಹೊರಗೆ ಬಂಡವಾಳ ಹೂಡುತ್ತವೆ ಎಂಬುದನ್ನು ವಿದ್ವತ್ ವಲಯ ಗಂಭೀರವಾಗಿ ಪರಿಶೀಲಿಸಿದ್ದು 1983ರಲ್ಲಿ, ಲೂಯಿಸ್ ವೆಲ್ಸ್ ಅವರ ಪುಸ್ತಕವೂ ಸಂಜಯ ಲಾಲ್ ಮತ್ತು ಸಂಗಡಿಗರ ಪುಸ್ತಕವೂ ಒಂದೇ ವರ್ಷ ಹೊರಬಂದಾಗ. ಅಷ್ಟರಲ್ಲಿ ಇಥಿಯೋಪಿಯಾದಲ್ಲಿ ಬಿರ್ಲಾ ಸಮೂಹದ ಜವಳಿ ಗಿರಣಿ ಆರಂಭವಾಗಿ ಎರಡು ದಶಕಗಳೇ ಕಳೆದಿದ್ದವು. ಮುಂಬಯಿ ಪಕ್ಕದ ಠಾಣೆಯ ರೇಮಂಡ್ ಕಂಪನಿ ಕೂಡ ಕೀನ್ಯಾದಲ್ಲಿ ಉಣ್ಣೆ ಗಿರಣಿ ತೆರೆದಿತ್ತು.

ಪರದೇಶದಲ್ಲಿ ಭಾಷೆ, ಕಾನೂನು, ಗಿರಾಕಿ ಯಾವುದೂ ಪರಿಚಿತವಲ್ಲದ ಕಂಪನಿಯೊಂದು ಅಲ್ಲಿನವರ ಜೊತೆ ಪೈಪೋಟಿ ನಡೆಸಬೇಕಾದರೆ ಅವರ ಬಳಿ ಇಲ್ಲದ್ದೇನೋ ಅದರ ಕೈಯಲ್ಲಿರಬೇಕು. ಅರ್ಥಶಾಸ್ತ್ರಜ್ಞ ಜಾನ್ ಡನಿಂಗ್ ಇದನ್ನು ಒಡೆತನದ ಅನುಕೂಲ ಎಂದು ಗುರುತಿಸಿದರು. ಅಮೆರಿಕದ ಕಂಪನಿಗೆ ಅದು ಬ್ರ್ಯಾಂಡೋ ಪೇಟೆಂಟೋ ಆಗಿರುತ್ತದೆ. ಭಾರತದ ಕಂಪನಿಗೆ ಅಗ್ಗದ ಕೂಲಿಯೇ ಅಂಥ ಅನುಕೂಲ ಎಂಬ ವಿವರಣೆ ಪದೇ ಪದೇ ಕೇಳಿಬರುತ್ತದಾದರೂ ಅದು ಅರ್ಧ ಸತ್ಯ ಮಾತ್ರ, ಏಕೆಂದರೆ ರಾಸಾಯನಿಕ ಉದ್ಯಮದಂಥ ಕಡೆ ವೆಚ್ಚದಲ್ಲಿ ಕೂಲಿಯ ಪಾಲು ಕಡಿಮೆ, ಕಚ್ಚಾವಸ್ತು ಮತ್ತು ತಯಾರಿಕಾ ವಿಧಾನದ ಪಾಲು ಹೆಚ್ಚು.

ಆ ವಿಧಾನದ ಜಾಣತನ ಬೆಳೆದ ಜಾಗಗಳಲ್ಲಿ ಠಾಣೆ ಖಾಡಿಯ ಸುತ್ತಲಿನ ಪ್ರದೇಶವೂ ಒಂದು. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಲ್ಲರ ಬಾಯಲ್ಲಿರುವ ಎಂಐಡಿಸಿ, ಠಾಣೆಯ ವಾಗ್ಳೆ ಎಸ್ಟೇಟಿನಿಂದ ಕೆಲಸ ಆರಂಭಿಸಿ ಡೊಂಬಿವಲಿಗೂ ಠಾಣೆ-ಬೇಲಾಪುರ ಪಟ್ಟಿಗೂ ವಿಸ್ತರಿಸಿತು. ರಸ್ತೆ, ನೀರು, ವಿದ್ಯುತ್ತು ಹೀಗೆ ಒದಗಿದರೆ ಬುದ್ಧಿಗೆ ಬೇಕಾದ ಬಯಲು ಒದಗಿದ್ದು 1970ರ ಪೇಟೆಂಟ್ ಕಾಯಿದೆಯಿಂದ. ಔಷಧ, ಕೀಟನಾಶಕ ಮುಂತಾದವುಗಳಲ್ಲಿ ಆ ಕಾಯಿದೆ ವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕಷ್ಟೇ ಕೊಡುತ್ತಿದ್ದುದರಿಂದ, ಅದೇ ವಸ್ತುವನ್ನು ಬೇರೆ ದಾರಿಯಲ್ಲಿ ತಯಾರಿಸಬಲ್ಲ ರಸಾಯನಶಾಸ್ತ್ರಜ್ಞನಿಗೆ ಸ್ವದೇಶದ ಮಾರುಕಟ್ಟೆ ತೆರೆದುಕೊಂಡಿತು. ಈ ಅವಕಾಶ 2005ರವರೆಗೂ ಇತ್ತು.

ಡೊಂಬಿವಲಿಯಲ್ಲಿ ನೆಲೆಯೂರಿದ ಘರಡಾ ಕೆಮಿಕಲ್ಸ್ ಇದಕ್ಕೆ ಸ್ಪಷ್ಟ ನಿದರ್ಶನ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮುಂಬಯಿಯಲ್ಲಿ ಅಧ್ಯಾಪಕರಾಗಿದ್ದ ಕೇಕಿ ಘರಡಾ 1960ರ ದಶಕದಲ್ಲಿ ಕಟ್ಟಿದ ಈ ಸಂಸ್ಥೆ, ಗೋಧಿ ಹೊಲದ ಕಳೆನಾಶಕ ಐಸೊಪ್ರೊಟುರಾನನ್ನು ತನ್ನದೇ ವಿಧಾನದಲ್ಲಿ ತಯಾರಿಸಿ ವಿದೇಶಿ ಕಂಪನಿಗಳೊಡನೆ ಬೆಲೆಯಲ್ಲಿ ಸೆಣಸಿತು. ಮುಂದೆ, ಬ್ರಿಟನ್ನಿನ ಐಸಿಐ ರೂಪಿಸಿದ್ದ ಪೀಕ್ ಎಂಬ, ಹೆಚ್ಚಿನ ಉಷ್ಣವನ್ನು ತಾಳಬಲ್ಲ ಪ್ಲಾಸ್ಟಿಕ್ಕನ್ನೂ ಅದು ತಯಾರಿಸತೊಡಗಿದಾಗ ಬೆಲ್ಜಿಯಂನ ದೈತ್ಯ ಸಂಸ್ಥೆ ಸಾಲ್ವೇ ಆ ವಿಭಾಗವನ್ನೇ ಕೊಂಡುಕೊಂಡಿತು.

ಆದರೆ ವಿಧಾನ ಕೈವಶವಾದ ಮಾತ್ರಕ್ಕೆ ಪರದೇಶದ ಬಾಗಿಲು ತೆರೆಯುವುದಿಲ್ಲ. ಅಮೆರಿಕದಲ್ಲಿ ಕೀಟನಾಶಕ ಮಾರಬೇಕಾದರೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ನೋಂದಣಿ ಬೇಕು, ನೋಂದಣಿಗೆ ವಿಷಪರೀಕ್ಷೆಯ ದಾಖಲೆಗಳು ಬೇಕು. ಪೇಟೆಂಟಿನ ಅವಧಿ ಮುಗಿದಿದ್ದರೂ ಮೂಲ ಕಂಪನಿಯ ದಾಖಲೆಗಳನ್ನು ಅವಲಂಬಿಸುವವರು ಅನೇಕ ವೇಳೆ ಪರಿಹಾರ ತೆರಬೇಕಾಗುತ್ತದೆ. ಅಮೆರಿಕದ ಡೌ ಕಂಪನಿ 1965ರಲ್ಲಿ ಮಾರುಕಟ್ಟೆಗೆ ತಂದ ಕ್ಲೋರ್‌ಪೈರಿಫಾಸ್ ವಿಷಯದಲ್ಲಿ ಘರಡಾ ಈ ದಾರಿಯನ್ನು ಕೊನೆಯವರೆಗೂ ಸವೆಸಿತು. ಡೌ ಸಂಸ್ಥೆಯ ಕೃಷಿ ವಿಭಾಗದ ಉತ್ತರಾಧಿಕಾರಿ ಕೊರ್ಟೆವಾ 2020ರಲ್ಲಿ ಆ ಕೀಟನಾಶಕದ ಉತ್ಪಾದನೆ ನಿಲ್ಲಿಸುವುದಾಗಿ ಘೋಷಿಸಿತು, ಮರುವರ್ಷ ಅಮೆರಿಕ ಸರಕಾರ ಆಹಾರ ಬೆಳೆಗಳ ಮೇಲೆ ಅದರ ಬಳಕೆಯನ್ನು ತಡೆಯಿತು. ಆಗ ಅಲ್ಲಿನ ರೈತ ಸಂಘಗಳ ಜೊತೆ ನಿಂತು ನ್ಯಾಯಾಲಯದ ಮೆಟ್ಟಿಲೇರಿದ್ದು ಡೊಂಬಿವಲಿ ಮೂಲದ ಈ ಕಂಪನಿ. 2023ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಪೈಪೋಟಿಯ ದೃಷ್ಟಿಯಿಂದ ಇದು ಗೆಲುವೇ ಸರಿ. ಮಕ್ಕಳ ಮೆದುಳಿನ ಬೆಳವಣಿಗೆಗೆ ಈ ವಸ್ತುವಿನಿಂದ ಹಾನಿಯೆಂಬ ಆತಂಕವೇ ನಿಷೇಧದ ಹಿಂದಿದ್ದುದರಿಂದ ಇದನ್ನು ಸ್ವದೇಶಾಭಿಮಾನದ ಕಥೆಯಾಗಿ ಹೇಳಹೊರಡುವುದು ಮಾತ್ರ ಸರಿಯಲ್ಲ. ಯುರೋಪು 2020ರಲ್ಲೇ ಅದಕ್ಕೆ ಅನುಮತಿ ನಿರಾಕರಿಸಿತ್ತು. 2025ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷವಸ್ತುಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ದೇಶಗಳು ಕೆಲವು ವಿನಾಯಿತಿಗಳೊಡನೆ ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು.

ನವಿ ಮುಂಬಯಿಯ ಪಾವಣೆಯಲ್ಲಿ ನೋಂದಾಯಿತ ಕಚೇರಿಯುಳ್ಳ ಗ್ಯಾಲಕ್ಸಿ ಸರ್ಫಾಕ್ಟಂಟ್ಸ್ ಹಿಡಿದದ್ದು ಬೇರೆಯದೇ ದಾರಿ. ಎಣ್ಣೆಯ ಜಿಡ್ಡನ್ನು ನೀರಿನೊಡನೆ ಬೆರೆಯುವಂತೆ ಮಾಡಿ ತೊಳೆದುಹಾಕುವ, ಜೊತೆಗೆ ನೊರೆಯನ್ನೂ ಬರಿಸುವ ರಾಸಾಯನಿಕಗಳಿಗೆ ಸರ್ಫಾಕ್ಟಂಟ್ ಎಂದು ಹೆಸರು. ಶಾಂಪೂ ಬಾಟಲಿಯ ಹಿಂಬದಿಯ ಸಣ್ಣಕ್ಷರದಲ್ಲಿ ನೀರಿನ ನಂತರ ಅನೇಕ ಸಲ ಕಾಣುವ ಸೋಡಿಯಂ ಲಾರೆತ್ ಸಲ್ಫೇಟ್ ಅಂಥದ್ದೊಂದು. 1980ರಲ್ಲಿ ಐವರು ಗೆಳೆಯರು ಕಟ್ಟಿದ ಈ ಕಂಪನಿಯ ಹೆಸರು ಯಾವ ಬಾಟಲಿಯ ಮೇಲೂ ಇರುವುದಿಲ್ಲ. ಯೂನಿಲಿವರ್, ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಂಥವರಿಗೆ ಸರಕು ಒದಗಿಸುವುದು ಅದರ ಕಸುಬು. ಬ್ರ್ಯಾಂಡ್ ಕಟ್ಟುವ ಭಾರೀ ಖರ್ಚನ್ನು ಗಿರಾಕಿಗೇ ಬಿಟ್ಟು, ಅದೇ ಗಿರಾಕಿಯ ಬೆನ್ನು ಹಿಡಿದು ಹೊರದೇಶ ಸೇರುವ ಈ ಉಪಾಯವನ್ನು ಜಾನ್ ಮ್ಯಾಥ್ಯೂಸ್ ಎಂಬ ವಿದ್ವಾಂಸರು ಸಂಪರ್ಕ, ಆಸರೆ, ಕಲಿಕೆ ಎಂಬ ಮೂರು ಹಂತಗಳಲ್ಲಿ ವಿವರಿಸಿದ್ದಾರೆ.

ಈ ಕಂಪನಿ ಈಜಿಪ್ಟಿನ ಸೂಯೆಜ್‌ನಲ್ಲಿ ಕಾರ್ಖಾನೆ ಕಟ್ಟಿದ್ದರ ಹಿಂದಿನ ಲೆಕ್ಕಾಚಾರ ಗಮನಾರ್ಹ. ಸೋಡಿಯಂ ಲಾರೆತ್ ಸಲ್ಫೇಟ್ ಸಾಮಾನ್ಯವಾಗಿ ಸಾಗಣೆಯಾಗುವುದು ಗಟ್ಟಿ ಲೇಹ್ಯದ ರೂಪದಲ್ಲಿ. ಅದರಲ್ಲಿ ಸುಮಾರು ನೂರಕ್ಕೆ 70 ಭಾಗ ಸರಕು, ಉಳಿದದ್ದು ಬಹುಪಾಲು ನೀರು. ನವಿ ಮುಂಬಯಿಗೆ ಅಂಟಿಕೊಂಡಂತೆ 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರು ಇದ್ದರೂ, ನೀರಿಗೆ ಹಡಗಿನ ಬಾಡಿಗೆ ತೆರುತ್ತ ಆಫ್ರಿಕಾ, ಟರ್ಕಿಗಳಿಗೆ ಸರಕು ಕಳಿಸುವುದಕ್ಕಿಂತ ಆ ಮಾರುಕಟ್ಟೆಗಳ ಮಗ್ಗುಲಲ್ಲೇ ತಯಾರಿಸುವುದು ಲಾಭಕರ. ಅಮೆರಿಕದಲ್ಲಿ ಮಾತ್ರ ಹೊಸದಾಗಿ ಕಟ್ಟುವ ಗೋಜಿಗೆ ಹೋಗದೆ, ಸೌಂದರ್ಯವರ್ಧಕಗಳಿಗೆ ಬೇಕಾಗುವ ವಿಶೇಷ ಪದಾರ್ಥಗಳನ್ನೂ ಅಲ್ಲಿನ ಗಿರಾಕಿಗಳ ಪರಿಚಯವನ್ನೂ ಹೊಂದಿದ್ದ ಟ್ರೈ-ಕೆ ಎಂಬ ಕಂಪನಿಯನ್ನು 2009ರಲ್ಲಿ ಕೊಂಡುಕೊಂಡಿತು.

ಇಂಥ ಗಿರಾಕಿಗಳು ಈಗ ಕೇಳುವುದು ಬೆಲೆಯನ್ನಷ್ಟೇ ಅಲ್ಲ. ಕಚ್ಚಾವಸ್ತುವಾದ ತಾಳೆಣ್ಣೆ ಯಾವ ತೋಟದಿಂದ ಬಂತು, ಕಾರ್ಖಾನೆಯ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಪುರಾವೆ ಬೇಕೆನ್ನುತ್ತಾರೆ. 2020ರಲ್ಲಿ ರಾಸಾಯನಿಕ ಬಿದ್ದು ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ, 2016 ಮತ್ತು 2024ರ ಮೇ ತಿಂಗಳುಗಳಲ್ಲಿ ಭೀಕರ ಸ್ಫೋಟಗಳನ್ನು ಕಂಡ ಡೊಂಬಿವಲಿಯ ಎಂಐಡಿಸಿಯಲ್ಲಿ ಈ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ. ಅಪಾಯಕಾರಿ ಘಟಕಗಳನ್ನು ವಸತಿ ಪ್ರದೇಶದಿಂದ ದೂರ ಒಯ್ಯುವುದಾಗಿ ಸರಕಾರ ಹೇಳಿದೆ. ಸೂಯೆಜ್‌ವರೆಗೆ ಹೋಗಬಲ್ಲ ಕಂಪನಿಗೆ ಜಾಗ ಬದಲಿಸುವುದು ಬಂಡವಾಳದ ಒಂದು ಲೆಕ್ಕ ಮಾತ್ರ; ಒಂದೆರಡು ರಿಯಾಕ್ಟರ್ ಇಟ್ಟುಕೊಂಡು ದೊಡ್ಡವರಿಗೆ ಮಧ್ಯಂತರ ರಾಸಾಯನಿಕ ತಯಾರಿಸಿಕೊಡುವ ಸಣ್ಣ ಘಟಕಕ್ಕೆ ಅದು ಉಳಿವಿನ ಪ್ರಶ್ನೆ.