ಒಂದೇ ಅಲೆಯಲ್ಲಿ ಹಲವರ ಮಾತು

ಕಾಸರಗೋಡಿನ ಬಸ್ ನಿಲ್ದಾಣದಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ ಏಕಕಾಲಕ್ಕೆ ಕಿವಿಗೆ ಬೀಳುತ್ತವೆ. ಆ ಗದ್ದಲದಲ್ಲಿಯೂ ಕಿವಿ ತನ್ನ ಭಾಷೆಯನ್ನು ಆರಿಸಿಕೊಳ್ಳುತ್ತದೆ. ಸಿಡಿಎಂಎ ದೂರವಾಣಿ ಪದ್ಧತಿಯನ್ನು ವಿವರಿಸುವವರು ಕೊಡುವ ಹೋಲಿಕೆ ಇಂಥದೇ. ಒಂದು ಕಾಲಕ್ಕೆ ರಿಲಯನ್ಸ್, ಟಾಟಾ ಇಂಡಿಕಾಂ ಹೆಸರಿನಲ್ಲಿ ಮನೆಮನೆಗೆ ಬಂದ ಫೋನುಗಳು ಈ ಪದ್ಧತಿಯವು. ಅಲ್ಲಿ ಹಲವರ ಮಾತು ಒಂದೇ ತರಂಗಪಟ್ಟಿಯಲ್ಲಿ, ಒಂದೇ ಹೊತ್ತಿನಲ್ಲಿ ಸಾಗುತ್ತದೆ. ಅವುಗಳನ್ನು ಬೇರ್ಪಡಿಸುವುದು ‘ಹರಡು ಸಂಕೇತ’.

ಹೋಲಿಕೆ ಸೊಗಸಾಗಿದೆ. ಆದರೆ ಫೋನು ಊಹಿಸುವುದಿಲ್ಲ, ಲೆಕ್ಕ ಹಾಕುತ್ತದೆ. ಧನ, ಋಣ ಸಂಖ್ಯೆಗಳನ್ನು ಬಲ್ಲ ಯಾವ ಮಗುವೂ ಅದನ್ನು ನೋಟ್‌ಪುಸ್ತಕದಲ್ಲಿ ಮಾಡಿ ನೋಡಬಹುದು.

ಮೊದಲನೆಯವನ ಸಂಕೇತ +1, +1, −1, −1. ಎರಡನೆಯವನದು +1, −1, +1, −1 ಎಂದಿರಲಿ. ‘ಹೌದು’ ಎನ್ನಬೇಕಾದರೆ ಸಂಕೇತವನ್ನು ಹಾಗೆಯೇ ಕಳುಹಿಸಬೇಕು, ‘ಇಲ್ಲ’ ಎನ್ನಲು ಚಿಹ್ನೆಗಳನ್ನು ತಿರುಗಿಸಬೇಕು. ಮೊದಲನೆಯವನಿಗೆ ‘ಹೌದು’, ಎರಡನೆಯವನಿಗೆ ‘ಇಲ್ಲ’ ಎಂಬ ಸಂದೇಶ ಒಟ್ಟಿಗೆ ಹೊರಟರೆ ಗಾಳಿಯಲ್ಲಿ ಕೂಡಿ ಉಳಿಯುವುದು 0, +2, −2, 0. ಇದನ್ನು ಮೊದಲನೆಯ ಸಂಕೇತದಿಂದ ಸ್ಥಾನವಾರು ಗುಣಿಸಿ ಕೂಡಿಸಿದರೆ +4: ಹೌದು. ಎರಡನೆಯದರಿಂದ ಗುಣಿಸಿದರೆ −4: ಇಲ್ಲ. ಒಬ್ಬನ ಲೆಕ್ಕದಲ್ಲಿ ಇನ್ನೊಬ್ಬನ ಮಾತು ಪೂರ್ತಿ ಸೊನ್ನೆಯಾಗುತ್ತದೆ. ಎರಡು ಸಂಕೇತಗಳನ್ನೇ ಪರಸ್ಪರ ಗುಣಿಸಿ ಕೂಡಿಸಿದರೂ ಸೊನ್ನೆಯೇ. ಗುಟ್ಟು ಇರುವುದು ಅಲ್ಲಿ.

ಅಮೆರಿಕದ ಗಣಿತಜ್ಞ ಜೋಸೆಫ್ ವಾಲ್ಶ್ 1923ರಲ್ಲಿ ನಿರೂಪಿಸಿದ ಸರಣಿಗಳೇ ಇದಕ್ಕೆ ಆಧಾರ. ಮೊದಲ ಮಾನದಂಡವಾದ ಐಎಸ್-95ರಲ್ಲಿ ಟವರಿನಿಂದ ಫೋನಿಗೆ ಬರುವ ಹಾದಿಗೆ ಇಂಥ 64 ಸಂಕೇತಗಳಿದ್ದವು. ಒಂದೊಂದರಲ್ಲಿಯೂ 64 ಅಂಶ. ಸೆಕೆಂಡಿಗೆ 12,28,800 ಅಂಶಗಳು ಹರಿಯುತ್ತಿದ್ದವು.

‘ಸಂಕೇತ’ ಎಂಬ ಹೆಸರು ಕೇಳಿ ಇದನ್ನು ರಹಸ್ಯಲಿಪಿ ಎಂದು ನಂಬಿದವರುಂಟು. ವಾಲ್ಶ್ ಪಟ್ಟಿ ಯಾರಾದರೂ ಬರೆಯಬಹುದಾದದ್ದು. ಗುರುತಿನ ಚೀಟಿ ಬೇರೆ, ಬೀಗ ಬೇರೆ. ಮಾತನ್ನು ಮುಚ್ಚಿಡಲು ಪ್ರತ್ಯೇಕ ಏರ್ಪಾಡು ಬೇಕು.

ಫೋನಿನಿಂದ ಟವರಿಗೆ ಹೋಗುವ ಹಾದಿ ಕಠಿಣ. ಬೇರೆ ಬೇರೆ ದೂರದಿಂದ ಹೊರಟ ಅಲೆಗಳು ಒಂದೇ ಕ್ಷಣಕ್ಕೆ ತಲುಪುವುದಿಲ್ಲ, ಸೊನ್ನೆಯ ಲೆಕ್ಕ ಕೆಡುತ್ತದೆ. ಆದ್ದರಿಂದ ಅಲ್ಲಿ ಸುಮಾರು 41 ದಿನಕ್ಕೊಮ್ಮೆ ಮಾತ್ರ ಮರುಕಳಿಸುವ ದೀರ್ಘ ಸರಣಿಯಿಂದ ಫೋನುಗಳನ್ನು ಗುರುತಿಸಲಾಗುತ್ತಿತ್ತು. ಆದರೂ ಪರರ ಸದ್ದು ಸ್ವಲ್ಪ ಉಳಿದೇ ಉಳಿಯುತ್ತದೆ. ಟವರಿನ ಬುಡದಲ್ಲಿ ನಿಂತವನು ಜೋರಾಗಿ ಪ್ರಸಾರ ಮಾಡಿದರೆ ದೂರದ ಹಳ್ಳಿಯವನ ಮಾತು ಮುಳುಗುತ್ತದೆ. ಅದಕ್ಕಾಗಿ ‘ತಗ್ಗಿಸು’, ‘ಏರಿಸು’ ಎಂದು ಟವರು ಪ್ರತಿಯೊಂದು ಫೋನಿಗೂ ಸೆಕೆಂಡಿಗೆ 800 ಬಾರಿ ಆಜ್ಞೆ ಕೊಡುತ್ತಿತ್ತು.