ಕೊಳ್ಳುವ ಮುನ್ನ ಹಸುವನ್ನು ಕೇಳಿ, ಕರೆಯುವವರನ್ನು ಕೇಳಿ



ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ರಬ್ಬರ್ ಮ್ಯಾಟ್, ಹೊಸ ಮಾದರಿಯ ಕೊಟ್ಟಿಗೆ. ಇವೆಲ್ಲ ಈಗ ಎರಡು ಮೂರು ಹಸು ಕಟ್ಟಿರುವ ಮನೆಗಳಿಗೂ ಬರುತ್ತಿವೆ. ಎಷ್ಟೋ ಮನೆಗಳಲ್ಲಿ ಸಾಲ ಮಾಡಿಯೇ ತಂದಿರುತ್ತಾರೆ. ಬೆಲೆ ಎಷ್ಟು, ಸಬ್ಸಿಡಿ ಇದೆಯೇ, ಗ್ಯಾರಂಟಿ ಎಷ್ಟು ವರ್ಷ ಎಂದು ಎಲ್ಲರೂ ವಿಚಾರಿಸುತ್ತಾರೆ. ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇದನ್ನು ಮಾಡಿದವರು ಹಸುವನ್ನೂ ಹಾಲು ಕರೆಯುವವರನ್ನೂ ಹತ್ತಿರದಿಂದ ನೋಡಿ ಮಾಡಿದರೇ, ಅಥವಾ ತಲೆಗೆ ಹೊಳೆದದ್ದನ್ನೇ ನಂಬಿ ಮಾಡಿದರೇ?

ಯಂತ್ರ, ಮೊಬೈಲ್ ಆ್ಯಪ್‌ಗಳನ್ನು ರೂಪಿಸುವವರ ನಡುವೆ ಇದು ಹಳೆಯ ವಾದ. ಹೊಸದು ಹುಟ್ಟುವುದು ಹೊಳಹಿನಿಂದ, ಬಳಸುವವರನ್ನು ಕೇಳಿದರೆ ಹಳೆಯದನ್ನೇ ಸ್ವಲ್ಪ ತಿದ್ದಿ ಕೊಡಿ ಎನ್ನುತ್ತಾರೆ ಎಂಬುದು ಒಂದು ಪಕ್ಷ. ಬಳಸುವವರನ್ನು ನೋಡದೆ ಮಾಡಿದ್ದು ಮೂಲೆ ಸೇರುತ್ತದೆ ಎಂಬುದು ಇನ್ನೊಂದು ಪಕ್ಷ. ಹೈನುಗಾರಿಕೆಯ ಚರಿತ್ರೆ ನೋಡಿದರೆ ಎರಡರಲ್ಲೂ ಅರ್ಧರ್ಧ ಸತ್ಯ ಕಾಣುತ್ತದೆ.

ಎಳೆದರೆ ಸಾಲದು, ಬಿಡಲೂ ಬೇಕು

1889ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಮರ್ಚ್‌ಲ್ಯಾಂಡ್ ಎಂಬುವರು ಗಾಳಿ ಎಳೆದು ಹಾಲು ಕರೆಯುವ ಯಂತ್ರ ಮಾಡಿದರು. ಹೊಳಹು ಸರಿಯಾಗಿಯೇ ಇತ್ತು, ಹಾಲೂ ಬಂತು. ಆದರೆ ಅದು ಬಿಡುವಿಲ್ಲದೆ ಒಂದೇ ಸಮನೆ ಎಳೆಯುತ್ತಿತ್ತು. ಹಾಗೆ ಎಳೆದರೆ ಮೊಲೆತೊಟ್ಟಿನಲ್ಲಿ ರಕ್ತ ಕಟ್ಟಿಕೊಂಡು ಊತ ಬರುತ್ತದೆ, ಹಸುವಿಗೆ ನೋವಾಗುತ್ತದೆ.

ಕರು ಹಾಗೆ ಕುಡಿಯುವುದಿಲ್ಲ. ಒಮ್ಮೆ ಚೀಪುತ್ತದೆ, ಒಮ್ಮೆ ಸಡಿಲ ಬಿಡುತ್ತದೆ. 1895ರಲ್ಲಿ ಗ್ಲಾಸ್ಗೋದ ಅಲೆಕ್ಸಾಂಡರ್ ಶೀಲ್ಡ್ಸ್ ರೂಪಿಸಿದ ‘ಥಿಸಲ್’ ಯಂತ್ರ ಹೀಗೆ ಎಳೆದು ಬಿಡುವ ಕ್ರಮವನ್ನು ತಂದಿತು. ಅದನ್ನು ತೊಳೆದು ಶುಚಿಯಾಗಿಡುವುದು ಕಷ್ಟವಾಗಿತ್ತು. 1903ರ ಸುಮಾರಿಗೆ ಆಸ್ಟ್ರೇಲಿಯಾದ ಅಲೆಕ್ಸಾಂಡರ್ ಗಿಲ್ಲಿಸ್ ಒಳಗೆ ರಬ್ಬರ್, ಹೊರಗೆ ಗಟ್ಟಿ ಕವಚ ಇರುವ ಜೋಡಿ ಬಟ್ಟಲು ಮಾಡಿದರು. ನಿಮ್ಮ ಯಂತ್ರದ ಲೈನರ್, ನಿಮಿಷಕ್ಕೆ ಸುಮಾರು 60 ಬಾರಿ ‘ಟಿಕ್ ಟಿಕ್’ ಎನ್ನುವ ಪಲ್ಸೇಟರ್ ಇವೆಲ್ಲ ಆ ದಾರಿಯಲ್ಲೇ ಬಂದವು.

ಪಲ್ಸೇಟರ್ ಬೇಕು ಎಂದು ಯಾವ ರೈತನೂ ಕೇಳಿರಲಾರ. ಹಸುವಂತೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೊಳಹು ಬೇಕು, ನಿಜ. ಆ ಹೊಳಹು ಸರಿಯೇ ತಪ್ಪೇ ಎಂದು ತೀರ್ಮಾನವಾಗುವುದು ಮಾತ್ರ ಕೆಚ್ಚಲಿನ ಬಳಿ.

ಆ ತೀರ್ಮಾನವನ್ನು ನೀವೂ ದಿನಾ ಓದಬಹುದು. ಯಂತ್ರ ತೆಗೆದ ಕೂಡಲೇ ತೊಟ್ಟುಗಳನ್ನು ನೋಡಿ. ನೀಲಿ ಅಥವಾ ಕೆಂಪು ತಿರುಗಿವೆಯೇ? ಬುಡದಲ್ಲಿ ಉಂಗುರದಂತೆ ಗುರುತು ಬಿದ್ದಿದೆಯೇ? ಮುಟ್ಟಿದರೆ ಗಟ್ಟಿಯಾಗಿವೆಯೇ? ಸುಮ್ಮನಿರುತ್ತಿದ್ದ ಹಸು ಒದೆಯುತ್ತಿದೆಯೇ? ಹಾಗಿದ್ದರೆ ಒತ್ತಡ ಹೆಚ್ಚಾಗಿರಬಹುದು, ಪಲ್ಸೇಟರ್ ಕೆಟ್ಟಿರಬಹುದು ಅಥವಾ ಹಾಲು ನಿಂತ ಮೇಲೂ ಯಂತ್ರ ಬಿಟ್ಟಿರಬಹುದು. ಅಲಕ್ಷ್ಯ ಮಾಡಿದರೆ ಕೆಚ್ಚಲು ಬಾವಿಗೆ ದಾರಿ. ರಬ್ಬರ್ ಲೈನರನ್ನು 2500 ಕರಾವಿಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಬದಲಿಸಿ.

ಹಸುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ

ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ 1970ರ ದಶಕದಲ್ಲಿ ದನಗಳನ್ನು ಸಾಗಿಸುವ ಓಣಿಗಳನ್ನು ಅಭ್ಯಾಸ ಮಾಡಿದರು. ದನ ಮುಂದೆ ಹೋಗದಿದ್ದರೆ ಹೊಡೆಯುವುದು ರೂಢಿ. ಆಕೆ ತಾನೇ ಓಣಿಯೊಳಗೆ ಇಳಿದು, ದನದ ಕಣ್ಣಿನ ಎತ್ತರದಿಂದ ನೋಡಿದರು. ಅಡ್ಡಬಿದ್ದ ನೆರಳು, ತೂಗಾಡುವ ಸರಪಳಿ, ಬೇಲಿಗೆ ನೇತುಹಾಕಿದ ಅಂಗಿ, ಇಂಥವಕ್ಕೇ ದನ ಹೆದರಿ ನಿಲ್ಲುತ್ತಿತ್ತು. ಅವನ್ನು ತೆಗೆದರೆ ಕೋಲು ಬೇಕಾಗಲಿಲ್ಲ.

ನಿಮ್ಮ ಹಸು ಟ್ರೆವಿಸ್ ಒಳಗೆ ಹೋಗಲು ಹಟ ಮಾಡಿದರೆ ಮೂಗುದಾರ ಜಗ್ಗುವ ಮೊದಲು ಒಮ್ಮೆ ಬಗ್ಗಿ ನೋಡಿ. ಕಾರಣ ಎದುರಿಗೇ ಸಿಗಬಹುದು.

ಕೊಟ್ಟಿಗೆಗೆ ಮಂಡಿ ಪರೀಕ್ಷೆ

ಒಂದೇ ನಕ್ಷೆ ಎಲ್ಲ ಕಡೆಗೂ ಹೊಂದುವುದಿಲ್ಲ. ಅರಕಲಗೂಡಿನ ಮಲೆನಾಡ ಅಂಚಿಗೆ ಎರಚಲು ತಡೆಯುವ ಸೂರು ಮುಖ್ಯ. ಚನ್ನರಾಯಪಟ್ಟಣದ ಬಯಲಿಗೆ ಬಿಸಿಲು ತಡೆದು ಗಾಳಿ ಬಿಡುವ ಎತ್ತರ ಮುಖ್ಯ. ಹೊಳೆನರಸೀಪುರದ ನಾಲೆ ಬಯಲಿನಲ್ಲಿ ತೇವ ಬಸಿದು ಹೋಗುವ ಇಳಿಜಾರು ಮುಖ್ಯ. ಹಾಸನ ತಾಲ್ಲೂಕಿನ ಸ್ನೇಹಿತರ ಕೊಟ್ಟಿಗೆ ಚೆನ್ನಾಗಿದೆ ಎಂದು ಅದೇ ಅಳತೆ ಹಿಡಿಯಬೇಡಿ.

ಹಸು ದಿನಕ್ಕೆ 10ರಿಂದ 12 ಗಂಟೆ ಮಲಗಬೇಕು. ಅದು ಮಲಗುವ ಜಾಗದಲ್ಲಿ ನೀವು ಮಂಡಿಯೂರಿ ಹತ್ತು ಎಣಿಸಿ. ಮಂಡಿ ನೊಂದರೆ ಹಸುವಿಗೂ ನೋವು. ಬಟ್ಟೆ ಒದ್ದೆಯಾದರೆ ಕೆಚ್ಚಲೂ ಒದ್ದೆ. ಹಸು ಎದ್ದೇಳುವಾಗ ತಲೆಯನ್ನು ಮುಂದಕ್ಕೆ ಚಾಚಿ ಹಿಂಗಾಲು ಎತ್ತುತ್ತದೆ. ಎದುರಿಗೆ ಗೋಡೆ ಒತ್ತಾಗಿದ್ದರೆ ಏಳಲು ಪರದಾಡುತ್ತದೆ. ಇದು ಯಾವ ಕರಪತ್ರದಲ್ಲೂ ಇರದಿದ್ದರೂ, ಬೆಳಗಿನ ಜಾವ ಅರ್ಧ ಗಂಟೆ ಸುಮ್ಮನೆ ನಿಂತರೆ ಕಾಣುತ್ತದೆ.

ಡೈರಿಯಲ್ಲೂ ನೋಡಿ

ಹಾಲು ಹಾಕುವಾಗ ತೂಕ, ಫ್ಯಾಟ್, ಎಸ್‌ಎನ್‌ಎಫ್ ತೋರಿಸುವ ಪರದೆ ಯಾರ ಕಡೆ ತಿರುಗಿದೆ? ಕಾರ್ಯದರ್ಶಿಗೆ ಮಾತ್ರ ಕಂಡರೆ ಯಂತ್ರ ಇದ್ದೂ ಅನುಮಾನ ಹೋಗುವುದಿಲ್ಲ. ಓದು ಬಾರದ ಅಜ್ಜಿಗೂ ಅಂಕಿ ಗೊತ್ತು. ಅವರಿಗೆ ಕಾಣುವಂತಿರಲಿ. ಹೊಸ ಖರ್ಚಿಲ್ಲ, ಪರದೆ ತಿರುಗಿಸಿದರೆ ಸಾಕು.

ಕಿವಿಯೋಲೆಯ 12 ಅಂಕಿಯೂ ಹಾಗೆಯೇ. ಕೊಸರಾಡುವ ಹಸುವಿನ ಕಿವಿ ಹಿಡಿದು, ಸಗಣಿ ಒರೆಸಿ, ಮಬ್ಬು ಬೆಳಕಿನಲ್ಲಿ ಅಂಕಿ ಓದಿ ಮೊಬೈಲಿಗೆ ಹಾಕುವುದು ಎಷ್ಟು ತ್ರಾಸ ಎಂಬುದು ನಮ್ಮ ಸಿಬ್ಬಂದಿಗೆ ಗೊತ್ತು. ಅಂಕಿಯನ್ನು ಕೊಟ್ಟಿಗೆಯ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಲಸಿಕೆ, ಕೃತಕ ಗರ್ಭಧಾರಣೆ ದಾಖಲಾಗುವಾಗ ತಪ್ಪು ತಪ್ಪುತ್ತದೆ.

ಕೊಳ್ಳುವವರೊಬ್ಬರು, ಬಳಸುವವರೊಬ್ಬರು

ಬಹಳ ಮನೆಗಳಲ್ಲಿ ಯಂತ್ರ ಆರಿಸುವುದು ಗಂಡಸರು. ಹಾಲು ಕರೆಯುವುದು, ತೊಳೆಯುವುದು, ಸಗಣಿ ಬಾಚುವುದು ಹೆಂಗಸರು. ಆದ್ದರಿಂದ:

• ಅಂಗಡಿಗೆ ಹೋಗುವಾಗ ಹಾಲು ಕರೆಯುವವರನ್ನೇ ಕರೆದುಕೊಂಡು ಹೋಗಿ. ತುಂಬಿದ ಬಕೆಟ್ ಎತ್ತಲಿ, ಲೈನರ್ ಬಿಚ್ಚಿ ತೊಡಿಸಲಿ.

• ಅದೇ ಯಂತ್ರ ಒಂದು ವರ್ಷ ಬಳಸಿದ ಮನೆಗೆ ಕರೆಯುವ ಹೊತ್ತಿಗೆ ಹೋಗಿ. ‘ಚೆನ್ನಾಗಿದೆಯೇ’ ಎಂದು ಕೇಳಿದರೆ ‘ಪರವಾಗಿಲ್ಲ’ ಎನ್ನುತ್ತಾರೆ. ಕೇಳುವುದಕ್ಕಿಂತ ನಿಂತು ನೋಡಿ.

• ಕರೆಂಟು ಹೋದರೆ ಏನು ಮಾಡುವುದು, ರಿಪೇರಿಗೆ ಯಾರು ಬರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

• ನಿಮ್ಮ ಒಂದು ಹಸುವಿಗೆ ಹಾಕಿ ತೋರಿಸಿ ಎನ್ನಿ. ತೋರಿಸಲು ಒಪ್ಪದವರ ಬಳಿ ಆತುರ ಬೇಡ.

ಕಷ್ಟ ಕೊಡುವ ಯಂತ್ರವನ್ನು ನಮ್ಮ ಹಣೆಬರಹ ಎಂದು ಸಹಿಸಬೇಡಿ. ಸಂಘದ ಸಭೆಯಲ್ಲಿ ಹೇಳಿ. ನಾವು ಕೊಟ್ಟಿಗೆಗೆ ಬಂದಾಗ ಬಾಯಿಮಾತಿನಲ್ಲಿ ಹೇಳುವುದರ ಜೊತೆಗೆ ಹಾಲು ಕರೆದು ತೋರಿಸಿ. ಎಲ್ಲಿ ಬೆನ್ನು ಬಾಗುತ್ತದೆ, ಎಲ್ಲಿ ಹಸು ಕಾಲೆತ್ತುತ್ತದೆ ಎಂದು ಕಂಡರೆ, ಏನು ಬದಲಿಸಬೇಕು ಎಂಬುದನ್ನು ಅಲ್ಲೇ ಕೂತು ಮಾತಾಡಬಹುದು.